ನವಣೆ ಗಂಜಿ ಮತ್ತು ಗುರುಶಕ್ತಿ

ಆ ವರ್ಷ ಚೀನಾದ ಷೆನ್ಯಾಂಗಿನ ನಮ್ಮ ಕಾರ್ಖಾನೆ ಕಾಲೊನಿಯಲ್ಲಿ ಬೆಳಗಿನ ಗಂಜಿ ಬೇಯಿಸಲು ಪಾತ್ರೆಗಳೇ ಸಿಗುತ್ತಿರಲಿಲ್ಲ. ಅಲ್ಯೂಮಿನಿಯಂ ಬೋಗುಣಿಗಳೆಲ್ಲ ಜನರ ತಲೆಯ ಮೇಲಿದ್ದವು. ಬೋಗುಣಿ ಆಕಾಶದ ಶಕ್ತಿಯನ್ನು ಹಿಡಿದು ನೆತ್ತಿಗೆ ಇಳಿಸುತ್ತದೆಂದು ಚಿಗೊಂಗ್ ಎಂಬ ಉಸಿರಿನ ಸಾಧನೆ ಕಲಿಸುವ ಗುರು ಪಾಂಗ್ ಹೇಳಿದ್ದರು. ಅದನ್ನು ಹೊತ್ತು ಪಾರ್ಕಿಗೆ ಹೋಗಿ, ಕಣ್ಣು ಮುಚ್ಚಿ ಮರ ತಬ್ಬಿಕೊಂಡು ನಿಲ್ಲಬೇಕು. ಉಸಿರು ಒಳಗೆ, ರೋಗ ಹೊರಗೆ. ಪೈನ್ ಮರಗಳಿಗೆ ದಿನಾ ಜಗಳ. ತಡವಾಗಿ ಎದ್ದವರಿಗೆ ದೀಪದ ಕಂಬವೇ ಗತಿ. ಔಷಧಿ ಖರ್ಚು ಉಳಿಯಿತೆಂದು ಮ್ಯಾನೇಜರು ಗುರುಗಳಿಗೆ ಸಭಾಂಗಣವನ್ನೇ ಬಿಟ್ಟುಕೊಟ್ಟಿದ್ದ.

ಕಾರ್ಖಾನೆಯ ಕ್ಯಾಂಟೀನಿನಿಂದ ನಿವೃತ್ತಳಾದ ಯುಲಾನ್ ಧ್ಯಾನಕ್ಕೆ ಸೇರಿದ ವಾರವೇ ತನ್ನ ಬಿ.ಪಿ. ಮಾತ್ರೆಗಳನ್ನು ಕಸಕ್ಕೆ ಎಸೆದಳು. ಮಾತ್ರೆ ಇರುವ ಮೈಗೆ ಗುರುಶಕ್ತಿ ಕಾಲಿಡುವುದಿಲ್ಲವಂತೆ. ಅವಳ ಅಕ್ಕ ಇದೇ ಬಿ.ಪಿ.ಯಿಂದ ಲಕ್ವ ಹೊಡೆದು ಸತ್ತದ್ದನ್ನು ಗಂಡ ದೆಹೌ ಕಣ್ಣಾರೆ ಕಂಡಿದ್ದ. ಬೈದ, ಅಂಗಲಾಚಿದ, ಏನೂ ನಡೆಯಲಿಲ್ಲ. ಕೊನೆಗೆ ಮಾತ್ರೆಯನ್ನು ಪುಡಿ ಮಾಡಿ ಅವಳ ನವಣೆ ಗಂಜಿಗೆ ಕದ್ದು ಕಲಸತೊಡಗಿದ.

ಬಿ.ಪಿ. ಇಳಿಯಿತು. ಕೀರ್ತಿ ಗುರುಗಳಿಗೆ ಹೋಯಿತು!

ಭಾನುವಾರದ ಅನುಭವ ಸಭೆಯಲ್ಲಿ ಯುಲಾನಳನ್ನು ವೇದಿಕೆ ಹತ್ತಿಸಿ ಕೈಗೆ ಮೈಕ್ ಕೊಟ್ಟರು. "ನಾನು ಮಾತ್ರೆ ಬಿಟ್ಟೆ, ನನ್ನ ರೋಗ ನನ್ನನ್ನ ಬಿಡ್ತು!" ಎಂದಳು. ಜನ ಅತ್ತರು, ನಕ್ಕರು, ಕೆಲವರು ಶಕ್ತಿ ಬಂತೆಂದು ನೆಲದಲ್ಲಿ ಹೊರಳಾಡಿದರು. ಪಕ್ಕದ ಮನೆಯ ಚಿಯಾವೋ ಮುದುಕ ಅಂದೇ ತನ್ನ ಹೃದಯದ ಮಾತ್ರೆಗಳನ್ನು ಬಿಟ್ಟ.

ಕೆಲವೇ ದಿನಗಳಲ್ಲಿ ಚಿಯಾವೋ ಮರ ತಬ್ಬಿಕೊಂಡಿದ್ದಂತೆಯೇ ಕುಸಿದುಬಿದ್ದ. "ಯಾರೂ ಮುಟ್ಟಬೇಡಿ, ರೋಗ ಹೊರಗೆ ಬರ್ತಾ ಇದೆ!" ಎಂದು ಗುರುಗಳ ಶಿಷ್ಯ ಕೂಗಿದ. ದೆಹೌ ಅವನನ್ನು ಪಕ್ಕಕ್ಕೆ ತಳ್ಳಿ ಮುದುಕನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ. ಜೀವ ಉಳಿಯಿತು, ಬುದ್ಧಿ ಬರಲಿಲ್ಲ. "ಯುಲಾನಕ್ಕಂಗೆ ವಾಸಿಯಾಗಿಲ್ವಾ? ನಂಗ್ಯಾಕೆ ಆಗಲ್ಲ?" ಎಂದು ಚಿಯಾವೋ ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೂ ಮಾತ್ರೆ ಮುಟ್ಟಲೊಲ್ಲ.

ಅದನ್ನು ಕೇಳಿಸಿಕೊಂಡ ದೆಹೌ ಮನೆಗೆ ಬಂದವನೇ ಹೆಂಡತಿಯ ಮುಂದೆ ನಿಂತ.

"ಏ ಮುದುಕಿ, ನಿನ್ನ ಗಂಜೀಲಿ ದಿನಾ ಮಾತ್ರೆ ಇತ್ತು ಕಣೇ. ಭಾನುವಾರ ಎಲ್ಲರ ಮುಂದೆ ಹೇಳಿಬಿಡ್ತೀನಿ."

ಯುಲಾನ್ ಬೋಗುಣಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಜೀವಮಾನವೆಲ್ಲ ಗಂಜಿ ಬೇಯಿಸಿದೋಳಿಗೆ ಅದು ಕಹಿಯಾಗಿರೋದು ಗೊತ್ತಾಗಲ್ವಾ? ಮೊದಲನೇ ದಿನಾನೇ ಗೊತ್ತಾಯ್ತು."

"ಮತ್ತೆ ಕುಡಿದೆ ಯಾಕೆ?"

"ಸಾಯೋಕೆ ನಂಗೇನು ಹುಚ್ಚಾ?"

"ಅಯ್ಯೋ, ಹಂಗಾದ್ರೆ ಮೈಕಲ್ಲಿ ಆ ಸುಳ್ಳು ಯಾಕೆ?"

ಯುಲಾನ್ ಒದ್ದೆ ಕೈ ಒರೆಸಿಕೊಂಡಳು. "ಕ್ಯಾಂಟೀನಲ್ಲಿ ಇಷ್ಟು ವರ್ಷ ಬಡಿಸಿದೆ. ಒಬ್ಬನಾದ್ರೂ ನನ್ನ ಮುಖ ನೋಡಿ ಒಂದು ಮಾತು ಕೇಳಿದ್ನಾ? ಮಾತ್ರೆ ನುಂಗಿ ವಾಸಿಯಾದೋಳಿಗೆ ಯಾರು ಮೈಕ್ ಕೊಡ್ತಾರೋ, ಮುದುಕಾ?"

ದೆಹೌಗೆ ಕೋಪ ಬರಬೇಕಿತ್ತು, ಬಂದದ್ದು ಸಂಕಟ. ಗೋಡೆಯಾಚೆ ಚಿಯಾವೋ ಕೆಮ್ಮುವುದು ಕೇಳುತ್ತಿತ್ತು.

ಭಾನುವಾರ ಯುಲಾನ್ ತಾನೇ ವೇದಿಕೆ ಹತ್ತಿದಳು. ಗುರುಗಳು ಮುಗುಳ್ನಕ್ಕು ಮೈಕ್ ಕೊಟ್ಟರು.

"ನಾನು ಮಾತ್ರೆ ಬಿಟ್ಟಿಲ್ಲ. ನನ್ನ ಗಂಡ..."

ಅಷ್ಟರಲ್ಲಿ ಮೈಕ್ ಸತ್ತಿತು. ಶಿಷ್ಯನ ಕೈ ಸ್ವಿಚ್ಚಿನ ಮೇಲಿತ್ತು. ಯುಲಾನ್ ಮೈಕನ್ನು ಒಮ್ಮೆ ನೋಡಿ ಕೆಳಗಿಟ್ಟಳು. ಯಂತ್ರಗಳ ಗದ್ದಲದಲ್ಲೂ ಮೂರು ಶೆಡ್ಡುಗಳ ಜನರನ್ನು ಊಟಕ್ಕೆ ಕರೆದ ಗಂಟಲು ಅದು.

"ಲೋ ಚಿಯಾವೋ! ದಿನಾ ಗಂಜೀಲಿ ಮಾತ್ರೆ ಕುಡಿದೇ ನಾನು ಬದುಕಿರೋದು ಕಣೋ! ನಿನ್ನ ಮಾತ್ರೆ ನುಂಗು, ಈಗಲೇ ನುಂಗು!"

ಗುರುಗಳು ತಕ್ಷಣ ಕಣ್ಣು ಮುಚ್ಚಿ ಆಳವಾದ ಧ್ಯಾನಕ್ಕೆ ಹೋದರು. ಕೊನೆಯ ಸಾಲಿನಲ್ಲಿ ಚಿಯಾವೋನ ಹೆಂಡತಿ ಕೋಟಿನ ಜೇಬಿನಿಂದ ಮಾತ್ರೆ ತೆಗೆದು ಗಂಡನ ಅಂಗೈಗೆ ಹಾಕಿದಳು. ಮುದುಕ ಗುರುಗಳನ್ನು ನೋಡಿದ, ಯುಲಾನಳನ್ನು ನೋಡಿದ, ನೀರಿಲ್ಲದೆಯೇ ನುಂಗಿದ.