ರೇಣುವಿನ ಬೆನ್ನ ಮೇಲಿನ ಬರೆ

ಚಾಳಿನಲ್ಲಿ ಯಾರ ಮನೆಯ ಹಗ್ಗದ ಮೇಲೆ ಏನು ಒಣಗುತ್ತಿದೆ ಎಂಬುದನ್ನು ಮುಚ್ಚಿಡಲು ಆಗುವುದಿಲ್ಲ. 2007ರಲ್ಲಿ ಹಡಪಸರದ ಒಂದು ಸಾಲುಮನೆಗಳ ಚಾಳಿನಲ್ಲಿ ಭೀಮವ್ವನ ಮನೆಯ ಹಗ್ಗದ ಮೇಲೆ ದಿನಾ ಮೂರು ಚಡ್ಡಿ ಒಣಗುತ್ತಿದ್ದವು. ಮೂರೂ ಮೊಮ್ಮಗಳು ರೇಣುವಿನವು. ಒಂಬತ್ತು ತುಂಬಿದ ಹುಡುಗಿ ತರಗತಿಯಲ್ಲಿ ಕುಳಿತಲ್ಲೇ ಒದ್ದೆ ಮಾಡಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಕಡೆಗೆ ದೀಪಾವಳಿ ರಜೆ ಮುಗಿದ ಮೇಲೆ ಶಾಲೆಯವರು ಹೇಳಿಯೇಬಿಟ್ಟರು, ಇದು ನಿಲ್ಲುವ ತನಕ ಕಳಿಸಬೇಡಿ ಅಂತ.

ಭೀಮವ್ವ ಮೊದಲು ನೀರು ನಿಲ್ಲಿಸಿದಳು. ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ. ಮೂತ್ರ ಉರಿಯತೊಡಗಿತು, ಒದ್ದೆಯಾಗುವುದು ಮಾತ್ರ ನಿಲ್ಲಲಿಲ್ಲ.

ಪಕ್ಕದ ಮನೆಯ ನಾಗವ್ವ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವವಳು. ಒಂದು ಸಂಜೆ ಬಂದು ಕುಳಿತಳು.

"ಚಿಗವ್ವಾ, ಅಕಿ ಬೇಕಂತ ಮಾಡೂದಿಲ್ಲ. ನರದ ಹತೋಟಿ ತಪ್ಪಿ ಮೂತ್ರಚೀಲ ಹೊತ್ತಲ್ಲದ ಹೊತ್ತಿಗೆ ಹಿಂಡತದ. ನಮ್ಮ ದವಾಖಾನಿಗೆ ಕರಕೊಂಡು ಬರ್ರಿ."

"ಸೊಕ್ಕಿಗೆ ಯಾವ ಔಷಧ ಅದ ನಾಗವ್ವ? ನನ್ನ ಮಾಂತುಗೂ ಹಿಂಗ ಇತ್ತು. ಒಂದು ಬರೆ ಎಳದೆ, ನಿಂತಿತು."

"ಮಾಂತಣ್ಣ ದೊಡ್ಡಾವ ಆದ, ನಿಂತಿತು. ಬರೆ ಎಳೀದಿದ್ರೂ ನಿಲ್ತಿತ್ತು."

ಮಾಂತು ರೇಣುವಿನ ಅಪ್ಪ. ರೇಣುವಿನ ತಾಯಿ, ಭೀಮವ್ವನ ಸೊಸೆ ಇಂದೂ, ಮರುದಿನವೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಪರೀಕ್ಷೆ ಮಾಡಿ ಉರಿಗೆ ಗುಳಿಗೆ ಕೊಟ್ಟರು, ಮಲಬದ್ಧತೆಗೆ ಔಷಧ ಕೊಟ್ಟರು. ಚೆನ್ನಾಗಿ ನೀರು ಕುಡಿಯಬೇಕು, ಎರಡು ತಾಸಿಗೊಮ್ಮೆ ಮೂತ್ರಕ್ಕೆ ಹೋಗಬೇಕು ಅಂದರು. ಎರಡು ತಿಂಗಳಿಗೆ ಮೂರು ಚಡ್ಡಿ ಎರಡಾದವು. ಆಗ ಅವರು ಇನ್ನೊಂದು ಚಿಕಿತ್ಸೆ ಹೇಳಿದರು. ಬೆನ್ನಿನ ಬುಡದಲ್ಲಿ, ಸೊಂಟದ ಕೆಳಗೆ, ಎರಡು ಪಟ್ಟಿ ಅಂಟಿಸಿ ಸಣ್ಣ ಕರೆಂಟ್ ಹರಿಸುವುದು, ಅದರಿಂದ ನರ ಹತೋಟಿಗೆ ಬರುತ್ತದೆ.

"ಕರೆಂಟ?" ಭೀಮವ್ವ ತಟ್ಟೆ ಸರಿಸಿದಳು. "ಕೂಸು ಏನ ನೀರೆತ್ತೋ ಮೋಟರೇನ? ಎಳೀ ಮೈಗೆ ಕರೆಂಟ ಹಚ್ಚಾಕ ನಾ ಏನ ರಾಕ್ಷಸಿ ಅಲ್ಲ."

ಹಾಗೆ ಅಂದವಳೇ ಮರುದಿನ, ಇಂದೂ ಕೆಲಸಕ್ಕೆ ಹೋದಾಗ, ಬಳೆಯ ಚೂರನ್ನು ಕೆಂಪಗೆ ಕಾಯಿಸಿದಳು. "ಫ್ರಾಕ್ ಕಚ್ಚಿ ಹಿಡಿ, ಮಂದಿ ಕೇಳ್ತಾರ" ಅಂದಳು. ಸೊಂಟದ ಕೆಳಗೆ ಎರಡು ಬರೆ ಎಳೆದಳು. ಪ್ರೀತಿಯಿಂದಲೇ ಎಳೆದಳು, ಅದೇ ಸಂಕಟ.

ಮೂರನೇ ದಿನ ಬರೆ ಕಂಡ ಇಂದೂ ಅತ್ತೆಯನ್ನು ಬೈಯಲಿಲ್ಲ. "ನೀವೂ ಬರ್ರಿ, ಏನ ಮಾಡೀರಿ ಅಂತ ಡಾಕ್ಟರ ಮುಂದ ನೀವ ಹೇಳ್ರಿ" ಅಂದಳು. ಮೂವರೂ ಆಸ್ಪತ್ರೆಗೆ ಹೋದರು.

ಕರೆಂಟಿನ ಚಿಕಿತ್ಸೆ ಕೊಡುವ ಪ್ರಾಚಿ ಎಳೆಯ ವಯಸ್ಸಿನವಳು. ಭೀಮವ್ವ ಬಾಯಿ ತೆರೆಯುವ ಮೊದಲೇ ನಗುತ್ತ ಸಣ್ಣ ಪೆಟ್ಟಿಗೆಯಿಂದ ವಯರು ತೆಗೆದಳು. ವಯರು ಕಂಡದ್ದೇ ತಡ, ರೇಣು ಯಾರೂ ಹೇಳದೆ ಬೋರಲು ಮಲಗಿದಳು. ಫ್ರಾಕಿನ ಅಂಚನ್ನು ಬಾಯಿಗೆ ತುರುಕಿ ಕಚ್ಚಿ ಹಿಡಿದಳು. ಅಳಲಿಲ್ಲ. ಪ್ರಾಚಿ ಬೆನ್ನು ನೋಡಿ ಪೆಟ್ಟಿಗೆ ಮುಚ್ಚಿಟ್ಟಳು. ಪಟ್ಟಿ ಅಂಟಿಸಬೇಕಾದ ಜಾಗದಲ್ಲೇ ಎರಡು ಬರೆ, ಹಸಿ ಗಾಯ, ಕೀವು. ಮಾಯುವ ತನಕ ಏನೂ ಮಾಡಲು ಬರುವುದಿಲ್ಲ ಅಂದಳು.

ಭೀಮವ್ವ ಮೊಮ್ಮಗಳ ಬಾಯಿಂದ ಫ್ರಾಕ್ ಬಿಡಿಸಲು ಹೋದಳು. ರೇಣು ಇನ್ನೂ ಗಟ್ಟಿಯಾಗಿ ಕಚ್ಚಿದಳು.

"ನನ್ನ ಕೈ ಸೇದಿ ಹೋಗಲಿ" ಎಂದು ಭೀಮವ್ವ ಅಲ್ಲೇ ನೆಲಕ್ಕೆ ಕುಸಿದಳು.

ಗಾಯ ಮಾಯಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ವಾರ್ಷಿಕ ಪರೀಕ್ಷೆ ಹತ್ತಿರ ಬಂದು ರೇಣುವಿನ ಒಂದು ವರ್ಷ ಹೋಯಿತು. ಆಮೇಲೆ ವಾರಕ್ಕೆ ಮೂರು ಸಲ, ಪ್ರತಿಸಲ ಇಪ್ಪತ್ತು ನಿಮಿಷ, ಭೀಮವ್ವನೇ ಕರೆದೊಯ್ದಳು. "ಇರುವೆ ಹರದಂಗ ಆಗ್ತದ ಅಜ್ಜಿ, ಅಷ್ಟ" ಅಂದಳು ರೇಣು. ಜೂನಿನಲ್ಲಿ ಶಾಲೆ ಸೇರಿದಾಗ ಹಗ್ಗದ ಮೇಲೆ ಆ ಚಡ್ಡಿಗಳಿರಲಿಲ್ಲ. ಆದರೆ ಇಂದಿಗೂ ಹಿಂದಿನಿಂದ ಯಾರಾದರೂ ಬೆನ್ನು ಮುಟ್ಟಿದರೆ ಆ ಹುಡುಗಿ ಬಟ್ಟೆ ಕಚ್ಚುತ್ತಾಳೆ. ಅದಕ್ಕೆ ಯಾವ ಪೆಟ್ಟಿಗೆಯಲ್ಲೂ ಔಷಧ ಸಿಕ್ಕಿಲ್ಲ.

ತಾಯಂದಿರೇ, ಅಜ್ಜಿಯರೇ, ಮಗು ಬೇಕೆಂದು ಒದ್ದೆ ಮಾಡಿಕೊಳ್ಳುವುದಿಲ್ಲ. ನೀರು ನಿಲ್ಲಿಸಬೇಡಿ, ಹೊಡೆಯಬೇಡಿ, ಬರೆ ಎಳೆಯಬೇಡಿ. ಡಾಕ್ಟರಿಗೆ ತೋರಿಸಿ. ಕರೆಂಟಿನ ಚಿಕಿತ್ಸೆ ಎಲ್ಲ ಮಕ್ಕಳಿಗೂ ಬೇಕಿಲ್ಲ, ಅದನ್ನು ಅವರೇ ನೋಡಿ ಹೇಳಲಿ. ನಿಮ್ಮ ಕೈಯಲ್ಲಿ ಈಗ ಬಳೆಯ ಚೂರು ಇದ್ದರೆ, ಅದನ್ನು ಕೆಳಗಿಟ್ಟು ಮಗುವಿನ ಕೈ ಹಿಡಿದುಕೊಳ್ಳಿ.