ಸೋಮವಾರ ತುಂಬಿಸಿದ ಟ್ಯಾಂಕು

ನಾನು ಒಂದು ಮೋಟಾರ್ ಸೈಕಲ್. ಡಾಂಬರು ರಸ್ತೆಗೂ ಕಲ್ಲುದಾರಿಗೂ ಒಗ್ಗುವಂತೆ ನನ್ನನ್ನು ಮಾಡಿದರು. ಅದಕ್ಕೇ ನನ್ನ ಸೀಟು ಉಳಿದ ಬೈಕುಗಳಿಗಿಂತ ಎತ್ತರ, ಟೈರಿಗೆ ದಪ್ಪ ಹಲ್ಲು, ಮುಂದಿನ ಮಡ್‌ಗಾರ್ಡು ಕೊಕ್ಕಿನ ಹಾಗೆ ಚಾಚಿಕೊಂಡಿದೆ. ಎಂಜಿನ್ನಿನ ಹಿಂದೆ ಕಾರ್ಬ್ಯುರೇಟರ್ ಎಂಬ ಪುಟ್ಟ ಭಾಗವಿದೆ. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವುದು ಅದರ ಕೆಲಸ. ಈಗಿನ ಬೈಕುಗಳಲ್ಲಿ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದಂತೆ. ನನ್ನ ಕಾಲದಲ್ಲಿ ಹಿತ್ತಾಳೆಯ ಒಂದೆರಡು ಸಣ್ಣ ತೂತು, ಒಂದು ಸೂಜಿ, ಒಂದು ತಂತಿ, ಅಷ್ಟೇ. ಚಳಿಗೆ ಎಂಜಿನ್ ಏಳದಿದ್ದರೆ ಸ್ವಲ್ಪ ಹೆಚ್ಚು ಪೆಟ್ರೋಲು ಬಿಡಲು ಚೋಕ್ ಎಂಬ ಕಿರುಬಾಗಿಲೊಂದಿದೆ. ಹ್ಯಾಂಡಲ್ಲಿನ ಎಡಗಡೆಯ ಸಣ್ಣ ಹಿಡಿಕೆಯನ್ನು ಎಳೆದರೆ ತಂತಿ ಆ ಬಾಗಿಲನ್ನು ಎತ್ತುತ್ತದೆ, ಬಿಟ್ಟರೆ ಮುಚ್ಚುತ್ತದೆ.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಹಲ್ಲಿನ ಡಾಕ್ಟರು, ಪದ್ಮರಾಜ ಎಂದು. ಭಾನುವಾರಕ್ಕೊಮ್ಮೆ ನನ್ನನ್ನು ಘಟ್ಟದ ಕಡೆ ಕರೆದೊಯ್ಯುತ್ತಿದ್ದರು, ಮನೆಗೆ ಬಂದ ಮೇಲೆ ತಾವೇ ಬಟ್ಟೆ ಹಿಡಿದು ಒರೆಸುತ್ತಿದ್ದರು. ಮೂರು ವರ್ಷ ಹೀಗೆ ಸುಖವಾಗಿದ್ದೆ. ಆಮೇಲೆ ಅವರ ಮಂಡಿ ನೋವು ಹೆಚ್ಚಿತು. ನನ್ನ ಎತ್ತರಕ್ಕೆ ಕಾಲೆತ್ತಿ ಕೂರುವುದೇ ಕಷ್ಟವಾದಾಗ ನನ್ನನ್ನು ಮಾರಿದರು.

ಕೊಂಡವರು ಗದಗ ಸೀಮೆಯ ಗುಡ್ಡಸಾಲಿನಲ್ಲಿ ಅರಣ್ಯ ರಕ್ಷಕಿಯಾಗಿದ್ದ ದಾಕ್ಷಾಯಣಿ ಕಳಸದ. ಮೂವತ್ತರ ಆಸುಪಾಸಿನ, ಎತ್ತರದ ಮೈಕಟ್ಟಿನ ಹೆಣ್ಣುಮಗಳು. ನೆಲಕ್ಕೆ ಎರಡೂ ಕಾಲು ಊರಿ ನನ್ನ ಮೇಲೆ ಕುಳಿತವರು ಅವರೊಬ್ಬರೇ. ಗುಡ್ಡದ ಬುಡದಲ್ಲಿ ಒಂದು ಕೋಣೆ, ಒಂದು ಪಡಸಾಲೆಯ ಸಣ್ಣ ಕ್ವಾರ್ಟರ್ಸು ಅವರದು. ಅಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದವನು ದ್ಯಾಮಣ್ಣ, ಐವತ್ತೈದು ದಾಟಿದ ವಾಚರ್. ಅವನು ಅವರನ್ನು ಮೇಡಂ ಎನ್ನುತ್ತಿದ್ದ. ನಾನೂ ಹಾಗೇ ಅನ್ನುತ್ತೇನೆ.

ಪೆಟ್ರೋಲ್ ಬಂಕು ಇದ್ದದ್ದು ಮುಂಡರಗಿಯಲ್ಲಿ, ಹೋಗಿ ಬರಲು ಅರ್ಧ ದಿನ. ಹಾಗಾಗಿ ಮೇಡಂ ಪ್ರತಿ ಸೋಮವಾರ ನನ್ನ ಟ್ಯಾಂಕು ತುಂಬಿಸಿ, ಒಂದು ಕ್ಯಾನಿನಲ್ಲೂ ತಂದಿಡುತ್ತಿದ್ದರು. ಲೀಟರಿಗೆ ಮೂವತ್ತೆಂಟು ಕಿಲೋಮೀಟರ್ ಓಡುತ್ತಿದ್ದ ನನಗೆ ಅದು ವಾರಕ್ಕೆ ಸಾಕಾಗಿ ಉಳಿಯುತ್ತಿತ್ತು. ಕ್ಯಾನಿನಿಂದ ನನಗೆ ಸುರಿಯುವುದು, ಗಾಳಿ ನೋಡುವುದು, ಚೈನಿಗೆ ಎಣ್ಣೆ ಬಿಡುವುದು ದ್ಯಾಮಣ್ಣನ ಪಾಲಿನ ಕೆಲಸ. ಬೈಕು ಓಡಿಸಲು ಅವನು ಕಲಿತದ್ದೂ ನನ್ನ ಮೇಲೆಯೇ, ಆ ವಯಸ್ಸಿನಲ್ಲಿ.

ಕಲ್ಲುದಾರಿಯಲ್ಲಿ ಮೇಡಂ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಓಡಿಸುತ್ತಿದ್ದರು. ಅವರ ಎತ್ತರಕ್ಕೆ ನನ್ನ ಹ್ಯಾಂಡಲ್ಲು ತಗ್ಗು. ಬಗ್ಗಿ ಬಗ್ಗಿ, ಸಂಜೆ ಇಳಿದಾಗ ಎರಡೂ ಕೈಯಿಂದ ಸೊಂಟ ಹಿಡಿದುಕೊಂಡು ನಿಲ್ಲುವರು. ಯಾರಿಗೂ ಹೇಳಿದವರಲ್ಲ. ದ್ಯಾಮಣ್ಣ ನೋಡಿದ್ದ. ಮೇಡಂ ತರಬೇತಿಗೆಂದು ನಾಲ್ಕು ದಿನ ಧಾರವಾಡಕ್ಕೆ ಹೋದಾಗ ನನ್ನನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು, ಎರಡು ಕಬ್ಬಿಣದ ತುಂಡು ಕೂರಿಸಿ, ಹ್ಯಾಂಡಲ್ಲನ್ನು ನಾಲ್ಕು ಬೆರಳು ಎತ್ತರಿಸಿ ತಂದ. ವಾಪಸು ಬಂದ ಮೇಡಂ ಒಂದು ಸುತ್ತು ಹೋಗಿ ಬಂದು, ನೆಟ್ಟಗೆ ನಿಂತು ನಕ್ಕರು. ಅವನು ಮುಖ ತಿರುಗಿಸಿಕೊಂಡು ಸಸಿಗಳಿಗೆ ನೀರು ಬಿಡಲು ಹೋದ. ಅಷ್ಟು ಹೊತ್ತೂ ಅವನ ಮುಖ ನಾಚಿಕೆಯಿಂದ ಅರಳಿತ್ತು.

ಅಂದಿನಿಂದ ನನ್ನ ಹಸಿವು ಹೆಚ್ಚಿತು. ಲೀಟರಿಗೆ ಮೂವತ್ತೆಂಟು ಇದ್ದದ್ದು ಇಪ್ಪತ್ತೆರಡಕ್ಕೆ ಇಳಿಯಿತು. ಟ್ಯಾಂಕು ಶನಿವಾರದವರೆಗೆ ಬರುವ ಬದಲು ಗುರುವಾರಕ್ಕೇ ಬರಿದಾಗತೊಡಗಿತು. ನನಗೆ ಎಲ್ಲಿ ನೋವೆಂದು ಗೊತ್ತಿತ್ತು, ಬಾಯಿರಲಿಲ್ಲ. ನನಗೆ ಬರುವ ರೀತಿಯಲ್ಲಿ ಹೇಳುತ್ತಲೇ ಇದ್ದೆ. ಹೊಗೆ ಕಪ್ಪಾಗಿ ಬಂತು, ಪ್ಲಗ್ಗಿಗೆ ಮಸಿ ಮೆತ್ತಿತು. ಜನವರಿಯ ಚಳಿಯಲ್ಲೂ ಚೋಕ್ ಎಳೆಯದೆ ಒಂದೇ ಕಿಕ್ಕಿಗೆ ಎದ್ದೆ. ಅದನ್ನು ನೋಡಿ ದ್ಯಾಮಣ್ಣ, ಗಾಡಿ ಈಗ ಭಾಳ ಚಲೋ ಆಗೇತಿ ಎಂದು ಸೀಟಿನ ಮೇಲೆ ತಟ್ಟಿದ.

ಮೇಡಂ ನನ್ನನ್ನು ಪೇಟೆಯ ದೊಡ್ಡ ಗ್ಯಾರೇಜಿಗೆ ಒಯ್ದರು. ಅಲ್ಲಿನ ಮೆಕ್ಯಾನಿಕ್ಕು ಏರ್ ಫಿಲ್ಟರ್ ಹೊಸದು ಹಾಕಿದ, ಪ್ಲಗ್ ಬದಲಿಸಿದ, ಚೈನು ಬಿಗಿ ಮಾಡಿದ, ಬ್ರೇಕು ಎಳೆಯುತ್ತದೇನೋ ಎಂದು ಚಕ್ರ ತಿರುಗಿಸಿ ನೋಡಿದ. ಯಾವುದೂ ತಪ್ಪು ಕೆಲಸವಲ್ಲ, ಆದರೆ ಒಂದೂ ನನ್ನ ನೋವಿನ ಜಾಗಕ್ಕೆ ತಾಗಲಿಲ್ಲ. ಎರಡನೆಯ ಸಲ ಹೋದಾಗ ಅವನು ಕೈ ಒರೆಸಿಕೊಳ್ಳುತ್ತ, ಗಾಡಿಯೊಳಗ ಏನೂ ಇಲ್ಲ, ಪೆಟ್ರೋಲು ಗಾಡಿ ಕುಡೀತೈತೋ ಮಂದಿ ಕುಡೀತಾರೋ ಮೊದಲು ಅದನ್ನ ನೋಡ್ರಿ ಅಂದ. ವಾಪಸು ಬರುವಾಗ ದಾರಿಯುದ್ದಕ್ಕೂ ಎಕ್ಸಲರೇಟರ್ ಮೇಲೆ ಮೇಡಂ ಕೈ ಬಿಗಿಯಾಗಿತ್ತು. ಅಂಗಳಕ್ಕೆ ಬಂದಾಗ ದ್ಯಾಮಣ್ಣ ನರ್ಸರಿಯ ಹತ್ತಿರ ರಬ್ಬರ್ ಪೈಪಿನ ತುಂಡೊಂದನ್ನು ಸುತ್ತಿಡುತ್ತಿದ್ದ. ಅದು ಸಸಿಗಳ ಪೈಪು. ಮೇಡಂ ಅದನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು.

ಫೆಬ್ರವರಿಯಲ್ಲಿ ಗುಡ್ಡದ ಹುಲ್ಲು ಒಣಗಿ ಹಂಚಿಕಡ್ಡಿಯಂತಾಯಿತು. ಒಂದು ಬುಧವಾರ ಮಧ್ಯಾಹ್ನ ಆಚೆ ಇಳಿಜಾರಿನಲ್ಲಿ ಹೊಗೆ ಕಂಡಿತು. ಮೇಡಂ ಓಡಿಬಂದು ನನ್ನನ್ನು ಏರಿದರು, ಬೆಂಕಿ ಬಡಿಯಲು ಹಸಿ ಟೊಂಗೆಗಳ ಕಟ್ಟು ಹಿಡಿದು ದ್ಯಾಮಣ್ಣ ಹಿಂದೆ ಕುಳಿತ. ಏರಿನಲ್ಲಿ ಅರ್ಧ ಹೋಗುವಷ್ಟರಲ್ಲಿ ನನಗೆ ಉಸಿರು ಕಟ್ಟಿತು. ಮೇಡಂ ಟ್ಯಾಂಕಿನ ಕೆಳಗಿನ ನಲ್ಲಿಯನ್ನು, ತಳದಲ್ಲಿ ಉಳಿದ ಪೆಟ್ರೋಲು ಬಿಡುವ ರಿಸರ್ವಿಗೆ ತಿರುಗಿಸಲು ಹೋದರು. ಅದು ಮೊದಲೇ ರಿಸರ್ವಿನಲ್ಲಿತ್ತು. ನಾನು ನಿಂತುಬಿಟ್ಟೆ.

ಅವರಿಬ್ಬರೂ ಮೂರು ಕಿಲೋಮೀಟರ್ ಏರನ್ನು ಓಡುತ್ತ ನಡೆಯುತ್ತ ಹೋದರು. ಹಳ್ಳಿಯವರೂ ಬಂದು ಬೆಂಕಿ ಆರಿಸಿದರು. ಅಷ್ಟರಲ್ಲಿ, ದ್ಯಾಮಣ್ಣ ನಾಲ್ಕು ವರ್ಷದ ಹಿಂದೆ ನೆಟ್ಟು, ಬೇಸಿಗೆಗಳಲ್ಲಿ ಕೊಡ ಹೊತ್ತು ಉಳಿಸಿದ್ದ ಶ್ರೀಗಂಧದ ಸಸಿಗಳ ಸಾಲು ಪೂರ್ತಿ ಸುಟ್ಟುಹೋಗಿತ್ತು. ಮಸಿ ಹತ್ತಿದ ಮುಖದಲ್ಲಿ ಇಬ್ಬರೂ ಇಳಿದು ನನ್ನ ಬಳಿ ಬಂದರು. ಮೇಡಂ ನನ್ನ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿದರು.

“ಸೋಮವಾರ ತುಂಬಿಸೇನಿ ದ್ಯಾಮಣ್ಣ. ಇವತ್ತ ಬುಧವಾರ. ಎಲ್ಲಿಗೆ ಹೋತು?”

ದ್ಯಾಮಣ್ಣನಿಗೆ ಮೊದಲು ಮಾತು ಅರ್ಥವಾಗಲಿಲ್ಲ. ಆಮೇಲೆ ಆಯಿತು.

“ನನ್ನ ಕೇಳಾಕತ್ತೀರೇನ್ರಿ?”

“ಮತ್ತ ಯಾರನ್ನ ಕೇಳ್ಲಿ?”

ಅವನು ಕೈಯಲ್ಲಿದ್ದ ಟೊಂಗೆಯನ್ನು ದಾರಿಯ ಬದಿಗಿಟ್ಟ. ಮೇಡಂ ಜೊತೆ ಸೇರಿ ನನ್ನನ್ನು ಕ್ವಾರ್ಟರ್ಸಿನವರೆಗೂ ತಳ್ಳಿದ. ಮರುದಿನ ಬೆಳಿಗ್ಗೆ ಅವನು ಬರಲಿಲ್ಲ. ಅವನ ಹತ್ತಿರವಿದ್ದ ಬೀಗದ ಕೈಗಳು ಪಡಸಾಲೆಯ ಕಿಟಕಿಯಲ್ಲಿದ್ದವು.

ಅಂದಿನಿಂದ ಮೇಡಂ ನನ್ನನ್ನು ಕೋಣೆಯೊಳಗೇ ನಿಲ್ಲಿಸಿ ಬೀಗ ಹಾಕತೊಡಗಿದರು. ಕ್ಯಾನನ್ನು ಮಂಚದ ಕೆಳಗಿಟ್ಟರು. ಕೈ ಹಾಕುವವರು ಯಾರೂ ಇರಲಿಲ್ಲ. ಆದರೂ ಮುಂದಿನ ಸೋಮವಾರ ತುಂಬಿಸಿದ ಟ್ಯಾಂಕು ಗುರುವಾರದ ಹೊತ್ತಿಗೆ ಬರಿದಾಯಿತು. ಮೇಡಂ ಮುಚ್ಚಳ ತೆಗೆದು ಅಳ್ಳಾಡಿಸಿ ನೋಡಿದರು, ಮತ್ತೊಮ್ಮೆ ನೋಡಿದರು. ಆಮೇಲೆ ನನ್ನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತುಬಿಟ್ಟರು. ಆ ದಿನ ಅವರು ಊಟ ಮಾಡಿದ್ದನ್ನು ನಾನು ಕಾಣಲಿಲ್ಲ.

ಮರುದಿನ ನನ್ನನ್ನು ದೊಡ್ಡ ಗ್ಯಾರೇಜಿಗೆ ಒಯ್ಯದೆ, ಬಸ್ ಸ್ಟ್ಯಾಂಡಿನ ಹಿಂದಿದ್ದ ಇಮಾಮಸಾಬ ಮಿಸ್ತ್ರಿಯ ತಗಡಿನ ಅಂಗಡಿಗೆ ತಂದರು. ಇಮಾಮಸಾಬ ಯಾವ ಬೋಲ್ಟನ್ನೂ ಮುಟ್ಟಲಿಲ್ಲ. ಎಂಜಿನ್ ಪೂರ್ತಿ ತಣ್ಣಗಾಗಲೆಂದು ಚಹಾ ತರಿಸಿ ಕುಡಿದ. ಆಮೇಲೆ ಚೋಕ್ ಮುಟ್ಟದೆ ಕಿಕ್ ಹೊಡೆದ. ನಾನು ತಟ್ಟನೆ ಎದ್ದೆ. ಅವನು ಹುಬ್ಬೇರಿಸಿದ. ಸೈಲೆನ್ಸರಿನ ಬಾಯಿಗೆ ಬೆರಳಿಟ್ಟು ಮಸಿ ನೋಡಿದ. ಹ್ಯಾಂಡಲ್ಲನ್ನು ಮೆಲ್ಲಗೆ ಪೂರ್ತಿ ಬಲಕ್ಕೆ ತಿರುಗಿಸಿ, ಕಿವಿಗೊಟ್ಟು ನಿಂತ. ನನ್ನ ಸದ್ದು ಬದಲಾಯಿತು. ಎಡಕ್ಕೆ ತಿರುಗಿಸಿದ. ಮತ್ತೆ ಬದಲಾಯಿತು. ಒಂದೂವರೆ ತಿಂಗಳಿಂದ ನಾನು ಹೇಳುತ್ತಿದ್ದದ್ದನ್ನು ಒಬ್ಬರು ಕೇಳಿಸಿಕೊಂಡಿದ್ದರು.

“ಈ ಹ್ಯಾಂಡಲ್ ಎತ್ತರ ಮಾಡಿದ್ದು ಯಾವಾಗ್ರಿ ಮೇಡಂ?” ಎಂದು ಕೇಳಿದ.

ಅವನು ವಿವರಿಸಿದ್ದು ಇಷ್ಟು. ಹ್ಯಾಂಡಲ್ಲು ಮೇಲೆ ಹೋಯಿತು, ಚೋಕಿನ ತಂತಿ ಹಳೆಯ ಉದ್ದದ್ದೇ ಉಳಿಯಿತು. ಎಳೆದು ಕಟ್ಟಿದ ಹಾಗಾಗಿ ಬಾಗಿಲು ಒಂದು ಕೂದಲೆಳೆಯಷ್ಟು ಸದಾ ತೆರೆದೇ ಇತ್ತು. ಹಗಲೆಲ್ಲ ಗಾಡಿ ಚೋಕಿನ ಮೇಲೆ ಓಡಿದಂತೆ. ಇಮಾಮಸಾಬ ಉದ್ದದ ತಂತಿ ಹಾಕಿ, ಹಿಡಿಕೆ ಬಿಟ್ಟಾಗ ತಂತಿ ತುಸು ಸಡಿಲವಾಗುವ ಹಾಗೆ ಬಿಗಿದ. ಕೆಲಸ ಇಪ್ಪತ್ತು ನಿಮಿಷದ್ದು. ಮೇಡಂ ಅಷ್ಟೂ ಹೊತ್ತು ಅಂಗಡಿಯ ಕಂಬಕ್ಕೆ ಒರಗಿ ನಿಂತಿದ್ದರು. ಗಾಡಿ ತಣ್ಣಗಿದ್ದಾಗ ಈಗ ಚೋಕ್ ಬೇಕಾಗತೈತಿ, ಗಾಬರಿ ಆಗಬ್ಯಾಡ್ರಿ ಎಂದು ಅವನು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಅಲ್ಲಿಂದ ನೇರ ದ್ಯಾಮಣ್ಣನ ಊರಿಗೆ ಹೋದೆವು. ಅವನು ಮನೆಯ ಮುಂದೆ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಹೆಂಡತಿ ಹನಮವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು, ಬರ್ರಿ ಅನ್ನಲಿಲ್ಲ. ಅಕ್ಕಪಕ್ಕದ ನಾಲ್ಕು ಜನ ಇಣುಕಿದರು. ಮೇಡಂ ಅವರೆಲ್ಲ ಕೇಳುವ ಹಾಗೆ, ಪೆಟ್ರೋಲು ಯಾರೂ ತೆಗೆದಿಲ್ಲ, ಗಾಡಿಯ ತಂತಿ ಎಳೆದುಕೊಂಡಿತ್ತು ಎಂದು ನಡೆದದ್ದನ್ನು ಬಿಡಿಸಿ ಹೇಳಿದರು. ದ್ಯಾಮಣ್ಣ ಹೊಸೆಯುವುದನ್ನು ನಿಲ್ಲಿಸಿ ಕೇಳಿದ. ಅವನ ಕಣ್ಣು ನನ್ನ ಹ್ಯಾಂಡಲ್ಲಿನ ಕೆಳಗಿನ ಎರಡು ಕಬ್ಬಿಣದ ತುಂಡುಗಳ ಮೇಲೆ ನಿಂತಿತು.

“ಹಂಗಾರ ಗಿಡ ಸುಟ್ಟಿದ್ದು ನನ್ನಿಂದನ ಆತಲ್ರಿ ಮೇಡಂ.”

“ಅಲ್ಲ. ತಂತಿ ಎಳದದ್ದು ನಿಂಗೂ ಗೊತ್ತಿರಲಿಲ್ಲ, ನಂಗೂ ಗೊತ್ತಿರಲಿಲ್ಲ. ಆದ್ರ ಆ ಮಾತು ಆಡಿದಾಕಿ ನಾನೊಬ್ಬಾಕಿನ. ಅದನ್ನ ಗೊತ್ತಿದ್ದು ಗೊತ್ತಿದ್ದ ಆಡೇನಿ.”

ಅವನು ಹಗ್ಗವನ್ನು ಪಕ್ಕಕ್ಕಿಟ್ಟ. ಹನಮವ್ವ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಮೇಡಂ ಕೈಗೆ ಕೊಟ್ಟಳು.

ನಾಲ್ಕು ದಿನ ಬಿಟ್ಟು ದ್ಯಾಮಣ್ಣ ಕೆಲಸಕ್ಕೆ ಬಂದ. ಮಳೆಗಾಲದಲ್ಲಿ ಇಬ್ಬರೂ ಸೇರಿ ಸುಟ್ಟ ಜಾಗದಲ್ಲಿ ಮತ್ತೆ ಸಸಿ ನೆಟ್ಟರು. ನಾನು ಮೊದಲಿನ ಹಾಗೆ ಮೂವತ್ತೆಂಟು ಓಡತೊಡಗಿದೆ. ಅವನು ಗಾಳಿ ನೋಡಿದ, ಚೈನಿಗೆ ಎಣ್ಣೆ ಬಿಟ್ಟ, ನನ್ನನ್ನು ತೊಳೆದ. ಪೆಟ್ರೋಲಿನ ಕ್ಯಾನನ್ನು ಮಾತ್ರ ಮುಟ್ಟಲಿಲ್ಲ. ಮೇಡಂ ಎಷ್ಟೋ ಸಲ, ಹಾಕು ದ್ಯಾಮಣ್ಣ ಅಂದರು. ನೀವ ಹಾಕ್ರಿ ಎಂದು ನಕ್ಕು ದೂರ ಸರಿಯುತ್ತಿದ್ದ. ಕೋಪವಿರಲಿಲ್ಲ ಆ ನಗೆಯಲ್ಲಿ. ಅದಕ್ಕೇ ಮೇಡಂಗೆ ಇನ್ನೂ ಕಷ್ಟವಾಗುತ್ತಿತ್ತು.

ಆರು ವರ್ಷದ ಮೇಲೆ ಮೇಡಂಗೆ ಬಡ್ತಿಯಾಗಿ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊರಡುವ ದಿನ ನನ್ನ ಕಾಗದಪತ್ರಗಳನ್ನು ದ್ಯಾಮಣ್ಣನ ಹೆಸರಿಗೆ ಮಾಡಿಸಿ ಕೀಲಿಕೈ ಕೊಟ್ಟರು. ಅವನು ಬೇಡವೆನ್ನಲಿಲ್ಲ. ಇಬ್ಬರ ಕಣ್ಣೂ ತುಂಬಿದ್ದವು.

ಈಗ ನನಗೆ ವಯಸ್ಸಾಗಿದೆ. ನನ್ನಂಥ ಬೈಕುಗಳನ್ನು ಮಾಡುವುದನ್ನು ಕಂಪನಿ ಎಂದೋ ನಿಲ್ಲಿಸಿತು, ಬಿಡಿಭಾಗಗಳೂ ಸಿಗುವುದಿಲ್ಲ. ದ್ಯಾಮಣ್ಣನ ಮನೆಯ ಪಕ್ಕದ ಚಪ್ಪರದ ಕೆಳಗೆ ಹೆಚ್ಚಿನ ದಿನ ಸುಮ್ಮನೆ ನಿಂತಿರುತ್ತೇನೆ. ಸಂತೆಯ ದಿನವಷ್ಟೇ ಅವನು ನನ್ನನ್ನು ಹೊರಗೆ ತೆಗೆಯುತ್ತಾನೆ. ನಿಂತಲ್ಲಿ ಯೋಚಿಸುತ್ತೇನೆ: ನನ್ನೊಳಗಿನ ಬಾಗಿಲು ಕೂದಲೆಳೆಯಷ್ಟು ತೆರೆದಿತ್ತು, ಕೇಳಿಸಿಕೊಳ್ಳುವ ಕಿವಿಯೊಂದು ಸಿಕ್ಕಿತು, ಇಪ್ಪತ್ತು ನಿಮಿಷದಲ್ಲಿ ಮುಚ್ಚಿತು. ಮನುಷ್ಯರೊಳಗೆ ಹಾಗೆ ತೆರೆದದ್ದನ್ನು ಮುಚ್ಚಲು ಎಷ್ಟು ಹೊತ್ತು ಬೇಕೋ, ನಾನರಿಯೆ.

ದ್ಯಾಮಣ್ಣ ಈಗ ತನ್ನ ಸ್ವಂತ ಗಾಡಿಗೆ, ತಾನೇ ತಂದ ಪೆಟ್ರೋಲು ಹಾಕುತ್ತಾನೆ. ಕೇಳುವವರು ಯಾರೂ ಇಲ್ಲ. ಆದರೂ ಮುಚ್ಚಳ ತೆಗೆಯುವ ಮೊದಲು ಪ್ರತಿ ಸಲವೂ ಹನಮವ್ವನನ್ನು ಕೂಗುತ್ತಾನೆ. ಅವಳು ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಲ್ಲುತ್ತಾಳೆ. ಅವಳು ನೋಡುತ್ತಿದ್ದಾಳೆಂದು ಖಾತ್ರಿಯಾದ ಮೇಲೆಯೇ ಅವನು ಕ್ಯಾನು ಬಗ್ಗಿಸುತ್ತಾನೆ.