ಇಬ್ಬರಲ್ಲಿ ಗುಬ್ಬಿ ಯಾರು

ಅಂಗೈಯಲ್ಲಿ ಎರಡು ಟ್ಯೂಬು, ಎರಡೂ ಇನ್ನೂ ಬೆಚ್ಚಗೆ, ಎರಡೂ ಒಂದೇ ಕೆಂಪು — ಊರಿಗೆ ಬಂದವನು ನೆತ್ತರಿಗೆ ಬರದಿರುತ್ತಾನೆಯೇ, ಗಾದೆ ಕೆಟ್ಟರೂ ಕಥೆ ನಿಜ ಪಾಲಾಕ್ಷ, ನನಗೆ ನಾನೇ ಹೇಳಿಕೊಳ್ಳುತ್ತೇನೆ, ಕಾಲೇಜಿನ ವೇದಿಕೆಯಲ್ಲಿ ಪ್ರಿನ್ಸಿಪಾಲರ ಗಂಟಲು ಕದ್ದು ಅವರಂತೆಯೇ ಮಾತಾಡಿ ನಗಿಸಿದವನೇ, ಬಿ.ಎಸ್ಸಿ. ಮುಗಿಸಿ ಚಳ್ಳಕೆರೆಯಿಂದ ಕೊಂಡ್ಲಹಳ್ಳಿಗೆ ರಕ್ತ ತೆಗೆಯಲು ಐಸ್ ಡಬ್ಬಿ ಹೊತ್ತು ಬಂದವನೇ, ರಕ್ತ ಕ್ಯಾನ್ಸರ್ ಆದ ಮಗುವಿನದೊಂದು ಟ್ಯೂಬು, ಆಗದ ಒಡಹುಟ್ಟಿನದೊಂದು — ನೆತ್ತರಿನ ಕಾವಲು ಕಣಗಳ ಮೈಮೇಲೆ ಪುಟ್ಟ ಕೈಗಳಂಥವು ಇರುತ್ತವಂತೆ, ಗ್ರಾಹಕ ಎನ್ನುತ್ತಾರೆ ನನ್ನನ್ನು ಕಳಿಸಿದ ಡಾಕ್ಟರಮ್ಮ, ಅಂಗಡಿಯ ಗಿರಾಕಿಯೇ ಮೇಡಂ ಎಂದು ಕೇಳಿ ಬೈಸಿಕೊಂಡೆ, ಎದುರು ಬಂದದ್ದು ನಮ್ಮದೋ ಪರರದೋ ಎಂದು ತಡವಿ ಗುರುತಿಸುವ ಕೈಗಳು, ಅವನ್ನು ಹೆಣೆಯುವ ಜೀನು ಮಗುವಿನಿಂದ ಮಗುವಿಗೆ ಬೇರೆ, ಆ ಬೇರೆತನದಲ್ಲಿ ಕಾಯಿಲೆಯ ಸುಳಿವಿದೆಯೇ ಎಂದು ಅವರ ಹುಡುಕಾಟ, ಇತ್ತ ನನಗೇ ಗುರುತು ತಪ್ಪಿದೆ, ಬೇವಿನ ನೆರಳಲ್ಲಿ ಕೂತ ಅಕ್ಕತಂಗಿಯರು, ಯರ್ರಮ್ಮ ಮತ್ತು ಸರಿತಾ, ಎರಡು ಬೋಳುತಲೆ, ಎರಡು ಹಸಿರು ಲಂಗ, ಆಸ್ಪತ್ರೆಯ ದಾಖಲೆಯಲ್ಲಿ ಕಾಯಿಲೆ ಯರ್ರಮ್ಮನಿಗೆ, ಹೆಸರು ಕೇಳಿ ಟ್ಯೂಬಿಗೆ ಚೀಟಿ ಅಂಟಿಸಿದ್ದೆ, ಆಮೇಲೆ ಪಕ್ಕದ ಮನೆಯ ಜಯಕ್ಕ ಬೇಲಿಯಿಂದ ಬಗ್ಗಿ ಪಿಸುಗುಟ್ಟಿದಳು, ಅಯ್ಯೋ ಸಾರ್, ಅವ್ರಜ್ಜಿ ಸಿದ್ದಕ್ಕ ಅಮಾಸೆ ಅಮಾಸೆಗೆ ಹೆಸ್ರು ಅದ್ಲುಬದ್ಲು ಮಾಡ್ತೈತೆ, ಸಾವು ಬಂದ್ರೆ ಯಾರ್ನ ಒಯ್ಬೇಕು ಅಂತ ತಿಳೀಬಾರ್ದಂತೆ, ಅದಕ್ಕೇ ಇಬ್ರಿಗೂ ತಲೆ ಬೋಳ್ಸೈತೆ, ಈ ತಿಂಗ್ಳು ಯಾರು ಯಾರೋ ನಂಗೂ ತಿಳೀದು, ಕಾಯ್ಲೆ ಬಂದ ಹುಡುಗೀನ ಮುಂಚೆ ಗುಬ್ಬಿ ಅಂತಿತ್ತು, ಈಗ ಆ ಹೆಸ್ರೇ ಎತ್ತಂಗಿಲ್ಲ.

ನಾಲ್ಕಕ್ಕೆ ಬಸ್ಸು, ಇದೇ ಟ್ಯೂಬಿನ ಬಿಳಿಕಣ ಎಣಿಸಿ ಕಾಯಿಲೆ ಮರಳಿತೋ ಎಂದೂ ನೋಡುತ್ತಾರೆ, ಚೀಟಿ ತಪ್ಪಿದರೆ ಕಾಯಿಲೆಯವಳಿಗೇ ನಿನಗೇನೂ ಇಲ್ಲ ಎಂದುಬಿಡುತ್ತಾರೆ, ಅಜ್ಜೀ, ಕಾಯಿಲೆ ಯಾರಿಗ್ರೀ ಎಂದೆ, ಸಿದ್ದಕ್ಕ ಎಲೆಅಡಿಕೆ ಕುಟ್ಟುತ್ತ ತಲೆಯೆತ್ತಲಿಲ್ಲ, ನಿಂಗೆ ಹೇಳಿದ್ರೆ ಅದಕ್ಕೂ ಕೇಳ್ತೈತಪ್ಪ, ಬಾಗಿಲಾಗೇ ಕುಂತೈತೆ, ತಿರುಗಿ ನೋಡಿದೆ, ಹೊಸ್ತಿಲ ಮೇಲೆ ಬರೀ ಬಿಸಿಲು, ಒಳಗೆ ಹೊರಟಿದ್ದ ನಾಯಿ ಅಲ್ಲೇ ನಿಂತು, ಏನನ್ನೋ ಬಳಸಿದಂತೆ ಸುತ್ತುಹಾಕಿ ಹೋಯಿತು — ಹುಡುಗಿಯರನ್ನು ಕೇಳಿದರೆ ಇವ್ಳಿಗೆ ಎಂದು ಒಬ್ಬರನ್ನೊಬ್ಬರು ತೋರಿಸುತ್ತಾರೆ — ಸರಿ, ನನ್ನ ವಿದ್ಯೆ ಇನ್ಯಾವ ಕಾಲಕ್ಕೆ, ಹಿತ್ತಲ ಗೋಡೆಯ ಹಿಂದೆ ನಿಂತು ಮುದುಕಿಯ ಗಂಟಲು ತೊಟ್ಟುಕೊಂಡೆ, ಗುಬ್ಬೀ, ಬಾರೇ ನನ್ನವ್ವಾ, ಎಷ್ಟು ಸಲೀಸಾಗಿ ಬಂತೆಂದರೆ ನಾನು ಬಾಯಿ ಬಿಡುವ ಮೊದಲೇ ಬಂದಂತೆ, ಗೋಡೆಯಂಚಿನಿಂದ ಇಣುಕಿದೆ, ಓ ಅಜ್ಜೀ ಎಂದು ಎದ್ದವಳು, ಸರಿತಾ ಎಂದು ನಾನು ಚೀಟಿ ಅಂಟಿಸಿದವಳು, ಎರಡೂ ಚೀಟಿ ಕಿತ್ತು ಅದಲುಬದಲು ಅಂಟಿಸುತ್ತೇನೆ, ಒಳಗೆ ಕುಟ್ಟಾಣಿಯ ಸದ್ದು ನಿಂತಿದೆ, ನನ್ ಗಂಟ್ಲಾಗೇ ಕರುದ್ಯೇನೋ ಪಾಪಿ, ಸಿದ್ದಕ್ಕ ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತಿದ್ದಾಳೆ, ಖಾಲಿ ಹೊಸ್ತಿಲಿಗೆ ಹೇಳುತ್ತಿದ್ದಾಳೆ, ಇವ್ಳಲ್ಲ, ಇವ್ಳಲ್ಲ — ಆದರೆ ಮೋಸಹೋದ ಹುಡುಗಿ ನಗುತ್ತಾಳೆ, ಅಜ್ಜಿಯ ಕೂಗಿಗಿಂತ ಜೋರಾಗಿ, ಹೊಟ್ಟೆ ಹಿಡಿದು, ನೀನೇ ಅಂತ ಗೊತ್ತಿತ್ತಣ್ಣ, ಗೊತ್ತಿದ್ದೇ ಓ ಅಂದೆ, ಅಜ್ಜಿ ಗುಬ್ಬಿ ಅಂದು ವರ್ಸಾತು, ಇನ್ನೊಂದ್ಸಲ ಕರಿ — ಮುಂದಿನ ಹಲ್ಲೊಂದು ಬಿದ್ದಿದೆ, ನಗುವಿನ ನಡುವೆ ಆ ಕಪ್ಪು ಸಂದು, ನನ್ನ ಬಾಯಿ ತೆರೆದೇ ಇದೆ, ಹೊಸ್ತಿಲಲ್ಲಿ ಕೂತದ್ದಕ್ಕೆ ಅವಳ ಗುರುತು ಹೇಳಿಕೊಟ್ಟ ಗಂಟಲು ನನ್ನದೋ ಯಾರದೋ, ಇನ್ನೊಂದ್ಸಲ ಅಣ್ಣ, ನಗು, ಆ ಕಪ್ಪು ಸಂದು, ಇನ್ನೊಂದ್ಸಲ, ಆ ಸಂದು